ಹೆಬ್ಬೆಟ್ಟು ನಮ್ಮದು, ಒಪ್ಪಿಗೆ ಯಾರದು?

ನಮ್ಮ ಕೇರಿಯಲ್ಲಿ ಆಪರೇಷನ್ ಅಂದರೆ ಒಂದೇ. ಕಣ್ಣಿನ ಪೊರೆ ತೆಗೆಸಿದ್ದಲ್ಲ, ಮುರಿದ ಮೂಳೆ ಕೂಡಿಸಿದ್ದಲ್ಲ. 'ಅವಳ್ದು ಆಪರೇಷನ್ ಆಯ್ತಾ?' ಅಂತ ನಲ್ಲಿ ಹತ್ತಿರ ಯಾರಾದರೂ ಕೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಎರಡು ಹೆತ್ತಿದ್ದಾಳೆ, ಇನ್ನು ಮಕ್ಕಳಾಗದಂತೆ ಮಾಡಿಸಬೇಕು. 'ಅವನ್ದು ಆಯ್ತಾ?' ಅಂತ ಕೇಳಿದವರನ್ನು ನಾವು ಕಂಡಿಲ್ಲ.

ನಾವು ಕೂಲಿ ಹೆಂಗಸರು. ನಾಟಿ, ಕಳೆ, ಕಬ್ಬು, ಗಾರೆ ಕೆಲಸ. ಮೈ ಬಗ್ಗಿಸಿದರೆ ಹಿಟ್ಟು, ಇಲ್ಲದಿದ್ದರೆ ಇಲ್ಲ. ಪಹಣಿಯಲ್ಲಿ ನಮ್ಮ ಹೆಸರಿಲ್ಲ. ಇರೋ ಆಸ್ತಿ ಈ ಮೈ ಒಂದೇ. ಅದರ ಮೇಲೆ ತೀರ್ಮಾನ ಮಾಡೋರು ಮಾತ್ರ ಎಷ್ಟೊಂದು ಜನ! ಗಂಡ, ಅತ್ತೆ, ಮೇಸ್ತ್ರಿ, ಗುರಿ ಮುಟ್ಟಿಸಬೇಕಾದ ಇಲಾಖೆ. ನಮ್ಮನ್ನು ಬಿಟ್ಟು ಎಲ್ಲರೂ.

ನಮ್ಮಲ್ಲಿ ಎಷ್ಟೋ ಮಂದಿ ಇಪ್ಪತ್ತೈದು ತುಂಬೋಕೆ ಮೊದಲೇ ಆಪರೇಷನ್ ಮುಗಿಸಿದವರು. ಹೆರಿಗೆ ನೋವು ಇಳಿಯೋಕೆ ಮುಂಚೆಯೇ ಒಂದು ಕಾಗದ ಮುಂದೆ ಹಿಡಿದರು. 'ಇಲ್ಲಿ ಒತ್ತು' ಅಂದರು. ಅದರಲ್ಲಿ ಏನಿದೆ ಅಂತ ಓದಿ ಹೇಳಲಿಲ್ಲ. ಮಾತ್ರೆ ಇದೆ, ಕಾಪರ್-ಟಿ ಇದೆ, ನಿನಗೆ ಯಾವುದು ಬೇಕವ್ವ ಅಂತ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: 'ಗಂಡ ಬಂದವ್ನಾ?' ಗಂಡನ ಒಪ್ಪಿಗೆ ಬೇಕಿಲ್ಲ ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಬೇಕಾದದ್ದು ತಿಳಿದುಕೊಂಡು ಅವಳೇ ಕೊಡುವ ಒಪ್ಪಿಗೆ. ನಮ್ಮಿಂದ ತಗೊಂಡಿದ್ದು ಹೆಬ್ಬೆಟ್ಟು ಮಾತ್ರ.

ಆಪರೇಷನ್ನೇ ಬೇಡ ಅನ್ನೋ ವಾದ ನಮ್ಮದಲ್ಲ. ಎಂಟು ಹತ್ತು ಹೆತ್ತು ಸವೆದುಹೋದ ಅಜ್ಜಿಯರನ್ನು ಕಂಡವರು ನಾವು. ಸಾಕು ಅನ್ನೋ ಹಕ್ಕು ಹೆಣ್ಣಿಗೆ ಬೇಕೇ ಬೇಕು. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಿತು. 1938ರಲ್ಲಿ ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ಗೊತ್ತುವಳಿ ತಂದಿತು. ಸಭೆ ಅದನ್ನು ಸೋಲಿಸಿತು. ನಾವು ಕೇಳಿದ್ದು ಆಯ್ಕೆ. ನಮಗೆ ಸಿಕ್ಕಿದ್ದು ಗುರಿ.

ಯಾಕೆ ಹೆಣ್ಣೇ? ಅದಕ್ಕೊಂದು ಚರಿತ್ರೆ ಇದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ನಡೆದವು. ಹೆಚ್ಚಿನವರು ಗಂಡಸರು, ಅವರಲ್ಲೂ ಬಡವರು. ಆ ಬಲವಂತಕ್ಕೆ ಉತ್ತರ ಭಾರತದ ಜನ 1977ರ ಚುನಾವಣೆಯಲ್ಲಿ ಉತ್ತರ ಕೊಟ್ಟರು. ಅಲ್ಲಿಂದ ಈಚೆಗೆ ಗಂಡಸಿನ ಮೈ ಮುಟ್ಟೋಕೆ ಸರ್ಕಾರಗಳು ಹೆದರಿದವು. ಕತ್ತರಿ ಕೆಳಗಿಡಲಿಲ್ಲ, ಹೆಣ್ಣಿನ ಕಡೆ ತಿರುಗಿಸಿದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 38 ಮಂದಿಗೆ ಈ ಆಪರೇಷನ್ ಆಗಿದೆ. ಕರ್ನಾಟಕದಲ್ಲಿ ನೂರಕ್ಕೆ 57. ಗಂಡಸರದು ದೇಶದ ಲೆಕ್ಕದಲ್ಲಿ ನೂರಕ್ಕೆ ಅರ್ಧವೂ ಇಲ್ಲ. ಗಂಡಸಿನ ಆಪರೇಷನ್ ಸಲೀಸು, ಹೊಟ್ಟೆಗೆ ಕತ್ತರಿ ಹಾಕೋದಿಲ್ಲ, ಅಪಾಯ ಕಡಿಮೆ. ಆದರೂ 'ಅವನು ದುಡಿಯೋನು, ಶಕ್ತಿ ಹೋಗ್ಬಿಡ್ತದೆ' ಅನ್ನುತ್ತಾರೆ. ಅದು ಸುಳ್ಳು. ಇರಲಿ, ನಾವೇನು ಕೂತು ತಿನ್ನೋರಾ?

ಗುರಿ ಇಟ್ಟಾಗ ಹೆಂಗಸು ಲೆಕ್ಕವಾಗುತ್ತಾಳೆ. 2012ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳು ಬರೆಯುವ ಮೇಜುಗಳ ಮೇಲೆ ಮಲಗಿಸಿ, ಟಾರ್ಚ್ ಬೆಳಕಿನಲ್ಲಿ, ಎರಡು ಗಂಟೆಯಲ್ಲಿ 53 ಹೆಂಗಸರಿಗೆ ಆಪರೇಷನ್ ಮಾಡಿದರು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಬಳಿ ಒಬ್ಬನೇ ವೈದ್ಯ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಮಾಡಿದ. 13 ತಾಯಂದಿರು ಸತ್ತರು. ಅರಾರಿಯಾದ ಅನ್ಯಾಯ ಹಿಡಿದು ದೇವಿಕಾ ಬಿಸ್ವಾಸ್ ಸುಪ್ರೀಂ ಕೋರ್ಟಿಗೆ ಹೋದರು. 2016ರಲ್ಲಿ ಕೋರ್ಟು, ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ, ಗುರಿ ಇಡಬೇಡಿ, ಒಪ್ಪಿಗೆಯ ಕಾಗದವನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಕೊಡಿ ಎಂದಿತು. ತಿಳಿಯುವ ಭಾಷೆಯಲ್ಲಿ ಹೇಳಿ ಅಂತ ಹೇಳೋಕೆ ಈ ದೇಶಕ್ಕೆ ಸುಪ್ರೀಂ ಕೋರ್ಟೇ ಬೇಕಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಳ್ಳುತ್ತಿರುವುದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಮುಟ್ಟಿನ ನೋವೆಂದು ಒಂದು ದಿನ ಕೂತರೆ ಮುಕದ್ದಮನಿಗೆ ದಂಡ ಕಟ್ಟಬೇಕು. ನಮ್ಮ ಕಲಬುರಗಿ ಸೀಮೆಯ ತಾಂಡಾಗಳಲ್ಲೂ ಬೇಡದ ಆಪರೇಷನ್ ಮಾಡಿ ಗರ್ಭಕೋಶ ತೆಗೆದ ದೂರು ಎದ್ದಿತು. ಲಂಬಾಣಿ ಹೆಂಗಸರು ಬೀದಿಗಿಳಿದು ಕೇಳಿದರು. ಹೊಟ್ಟೆನೋವು ಅಂತ ಹೋದವಳಿಗೆ 'ತೆಗೆಸದಿದ್ರೆ ಕ್ಯಾನ್ಸರ್ ಆಯ್ತದೆ' ಅಂದರೆ ಬಡವಿ ಸಾಲ ಮಾಡಿ ತೆಗೆಸುತ್ತಾಳೆ. ಹೆದರಿಸಿ ಪಡೆದದ್ದು ಒಪ್ಪಿಗೆಯಾ?

ಈಗ ನಮ್ಮ ಚಳವಳಿಯ ಅಣ್ಣಂದಿರಿಗೆ ಒಂದು ಮಾತು. ಕೆರೆ ನೀರು ಮುಟ್ಟೋ ಹಕ್ಕಿಗೆ, ಭೂಮಿಗೆ, ಗುಡಿ ಹೋಟೆಲು ಬಾಗಿಲಿಗೆ ನೀವು ಲಾಠಿ ಏಟು ತಿಂದಿದ್ದೀರಿ. ಆ ಏಟನ್ನು ನಾವೂ ತಿಂದಿದ್ದೇವೆ. ಆದರೆ ಸಭೆ ಮುಗಿಸಿ ಮನೆಗೆ ಬಂದಮೇಲೆ ಹೆಂಡತಿಯ ಮೈ ಮೇಲೆ ನೀವೇ ಜಮೀನ್ದಾರರಾಗುತ್ತೀರಲ್ಲ, ಅದನ್ನು ಯಾವ ಕರಪತ್ರದಲ್ಲಿ ಬರೆಯೋಣ? ಅವಳು ಬೇಡ ಅಂದ ರಾತ್ರಿ ಬೇಡ ಅಂತಲೇ ಅರ್ಥ. ಮೇಲುಜಾತಿಯವನು ನಮ್ಮ ಮೈ ಮೇಲೆ ಕೈ ಹಾಕಿದಾಗ ಎದ್ದುನಿಲ್ಲುವ ನೀವು, ನಿಮ್ಮ ಮನೆಯೊಳಗಿನ ಈ ದಬ್ಬಾಳಿಕೆಗೂ ಎದ್ದುನಿಲ್ಲಬೇಕು.

ಮೇಷ್ಟ್ರುಗಳೇ, ಓದುವ ಮಕ್ಕಳೇ, ನಿಮಗೆ ಅಕ್ಷರ ಗೊತ್ತು. ಆಸ್ಪತ್ರೆಗೆ ನಮ್ಮ ಜೊತೆ ಬನ್ನಿ. ಆ ಕಾಗದವನ್ನು ಗಟ್ಟಿಯಾಗಿ ಓದಿ. ಹೆಣ್ಣುಮಕ್ಕಳಿಗೆ ಅವರ ಮೈ ಹೇಗೆ ಕೆಲಸ ಮಾಡುತ್ತದೆ ಅಂತ ನಾಚಿಕೆಯಿಲ್ಲದೆ ಪಾಠ ಹೇಳಿ. 1971ರ ಕಾಯಿದೆಯ ಪ್ರಕಾರ ಗರ್ಭ ತೆಗೆಸಲು ವಯಸ್ಸಿಗೆ ಬಂದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು; ಮದುವೆಯಾಗದವಳನ್ನು ಬೇರೆಯಾಗಿ ಕಾಣುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದನ್ನು ಕೇರಿ ಕೇರಿಗೆ ಮುಟ್ಟಿಸಿ.

ನಮ್ಮ ಹೆಣ್ಣುಮಕ್ಕಳು ಈಗ ಸಹಿ ಮಾಡೋದು ಕಲಿತಿದ್ದಾರೆ. ಸಹಿ ಹಾಕೋದಕ್ಕೆ ಮುಂಚೆ ಪ್ರಶ್ನೆ ಕೇಳೋದನ್ನೂ, ಬೇಡ ಅನ್ನಿಸಿದರೆ ಕಾಗದ ವಾಪಸ್ ಕೊಟ್ಟು ಎದ್ದುಬರೋದನ್ನೂ ಕಲಿಯಲಿ.