ಮಂಜಿನೊಳಗಿನ ಬಸ್ಸು

ಕಳೆದ ವರ್ಷ ತರಗತಿಯಲ್ಲಿ ಒಂದು ತಪ್ಪು ಹೇಳಿದೆ. ಮಹಾವ್ಯಾಧ ನಕ್ಷತ್ರಪುಂಜದ ಅನಿಲಮೋಡದ ಚಿತ್ರವೊಂದನ್ನು ತೋರಿಸಿ, "ನೀಲಿ ಹತ್ತಿರದ್ದು, ಕೆಂಪು ದೂರದ್ದು" ಎಂದುಬಿಟ್ಟೆ. ಕನ್ನಡ ಮೇಷ್ಟರಿಗೆ ಆಕಾಶದ ಗೊಡವೆ ಏಕೆಂದು ಕೇಳಬೇಡಿ; ಚಿತ್ರ ಅಷ್ಟು ಚೆನ್ನಾಗಿತ್ತು.

ಬೆಂಗಳೂರಿನಿಂದ ಬಂದ ತಂಗಿಯ ಮಗಳು ಕೇಳಿ ನಕ್ಕಳು. "ಮಾವ, ಅದು ದೂರವಲ್ಲ, ವೇಗ." ನಕ್ಷತ್ರ ಹುಟ್ಟುವ ಮೋಡದಲ್ಲಿ ಬಹುಪಾಲು ಜಲಜನಕವೇ, ಸೊನ್ನೆಗಿಂತ ಸುಮಾರು 260 ಡಿಗ್ರಿ ಕೆಳಗಿನ ಆ ಚಳಿಯಲ್ಲಿ ಅದು ಮೂಕ. ಜೊತೆಗಿರುವ ಅಷ್ಟಿಷ್ಟು ಕಾರ್ಬನ್ ಮಾನಾಕ್ಸೈಡ್ 2.6 ಮಿಲಿಮೀಟರ್ ಅಲೆಯಲ್ಲಿ ಮಾತಾಡುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ 10.4 ಮೀಟರ್ ಅಗಲದ ಬೋಗುಣಿಯಂಥ ರೇಡಿಯೊ ದೂರದರ್ಶಕ ಹಿಂದೆ ಕಿವಿಗೊಟ್ಟದ್ದು ಈ ಮಾತಿಗೇ. ಅಲೆ ಕುಗ್ಗಿದ್ದರೆ ಅನಿಲ ನಮ್ಮತ್ತ ಬರುತ್ತಿದೆ, ಹಿಗ್ಗಿದ್ದರೆ ದೂರ ಸರಿಯುತ್ತಿದೆ. ಬಣ್ಣ ನಾವು ಹಚ್ಚಿದ್ದು.

ತಲೆದೂಗಿದೆನೇ ಹೊರತು, ನನಗೆ ಅದು ನಿಜವಾಗಿ ತಿಳಿದದ್ದು ಮರುದಿನ ಬೆಳಿಗ್ಗೆ, ಜಗಲಿಯಲ್ಲಿ ಕಾಫಿ ಕುಡಿಯುವಾಗ. ಬಾಳಗಡಿಯ ಮಂಜು ತೋಟವನ್ನೂ ಕೆಳಗಿನ ರಸ್ತೆಯನ್ನೂ ನುಂಗಿತ್ತು. ಕೊಪ್ಪದ ಬಸ್ಸು ಹಾರನ್ ಒತ್ತಿಕೊಂಡೇ ಬಂತು. ಮನೆಯನ್ನು ದಾಟಿದೊಡನೆ ಕೀರಲು ಸದ್ದು ದಪ್ಪಗಾಯಿತು. ಬಸ್ಸು ಕಾಣಲಿಲ್ಲ, ಬಂದದ್ದೂ ಹೋದದ್ದೂ ತಿಳಿಯಿತು.

ಸೋಮವಾರ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಹಿಂದಿನ ಬೆಂಚಿನ ಹುಡುಗ ಎದ್ದ: "ಪಕ್ಕಕ್ಕೆ ಸರಿಯುವ ಮೋಡ ಹೇಗೆ ತಿಳಿಯುತ್ತದೆ, ಸಾರ್?"

ಈ ಅಲೆಯಿಂದ ತಿಳಿಯುವುದಿಲ್ಲ ಎಂದೆ.