ಧನುಷ್ಕೋಡಿಯಲ್ಲಿ ಭೂತಗಳಿಲ್ಲ

ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗದಿದ್ದರೆ ಯಾತ್ರೆ ಅರೆಬರೆ ಅಂತ ನಮ್ಮ ಕಡೆಯ ಹಿರಿಯರ ಲೆಕ್ಕ. ಸೇತುವಿನ ಮರಳು ಒಯ್ದು ಪ್ರಯಾಗದ ತ್ರಿವೇಣಿಗೆ ಹಾಕಬೇಕು, ಗಂಗೆಯನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಬೇಕು. ಪುಣ್ಯದ ಮಾತು ಹಾಗಿರಲಿ, ಸರಕು ಸಾಗಣೆಯ ಏರ್ಪಾಡಾಗಿಯೂ ಇದು ಸಣ್ಣದಲ್ಲ.

ಆ ಮರಳಿನ, ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿಗೆ ಒಂದು ಕಾಲದಲ್ಲಿ ಮದರಾಸಿನಿಂದ ಬೋಟ್ ಮೇಲ್ ರೈಲು ಬರುತ್ತಿತ್ತು. ಇಳಿದು ಹಡಗು ಹತ್ತಿದರೆ ಸಿಂಹಳದ ತಲೈಮನ್ನಾರ್. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತದ ಹೊಡೆತಕ್ಕೆ ಕಡಲು ಊರೊಳಗೆ ನುಗ್ಗಿತು. ಪಾಂಬನ್‌ನಿಂದ ಹೊರಟಿದ್ದ ಪ್ಯಾಸೆಂಜರ್ ರೈಲು ಜನರ ಸಮೇತ ಕೊಚ್ಚಿಹೋಯಿತು. ದ್ವೀಪಕ್ಕೆ ರೈಲು ದಾಟಿಸುತ್ತಿದ್ದ ಪಾಂಬನ್ ಸೇತುವೆಯೂ ಮುರಿಯಿತು, ಅದನ್ನು ಎಂಜಿನಿಯರ್ ಇ. ಶ್ರೀಧರನ್ ಅವರ ತಂಡ 46 ದಿನಗಳಲ್ಲಿ ರಿಪೇರಿ ಮಾಡಿತು. ರೈಲು ರಾಮೇಶ್ವರಕ್ಕೆ ಬಂತು, ಧನುಷ್ಕೋಡಿಗೆ ಮಾತ್ರ ಮತ್ತೆ ಬರಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರ ಷರಾ ಬರೆಯಿತು.

2017ರಲ್ಲಿ ಅರಿಚಲ್‌ಮುನೈ ತುದಿಯವರೆಗೆ ರಸ್ತೆಯಾದ ಮೇಲೆ ಕೇಳಬೇಕೆ! ಮೊದಲು ಮರಳಲ್ಲಿ ವ್ಯಾನು ಕುಲುಕಿಸಿಕೊಂಡು ಹೋಗಬೇಕಿತ್ತು, ಈಗ ಸ್ವಂತ ಕಾರು. ಹವಳದ ಕಲ್ಲಿನಲ್ಲಿ ಕಟ್ಟಿದ, ಸೂರು ಹಾರಿಹೋದ ಇಗರ್ಜಿಯ ಮುಂದೆ ಸೆಲ್ಫಿಗೆ ಸರದಿ. ಸತ್ತವರ ಜಾಗದಲ್ಲಿ ಹಲ್ಲು ಕಿರಿಯುವುದೇ ಎಂದು ಕೆಲವರಿಗೆ ಸಿಟ್ಟು. 1565ರ ನಂತರ ಹಾಳಾದ ಹಂಪಿಯಲ್ಲಿ ಕಂಬಕ್ಕೊರಗಿ ಫೋಟೊ ತೆಗೆಸಿಕೊಂಡ ನಾವು ಯಾವ ಬಾಯಲ್ಲಿ ಬೈಯೋಣ? ಸಾವಿಗೆ ಎಷ್ಟು ವರ್ಷ ತುಂಬಿದರೆ ಅದು ಪ್ರೇಕ್ಷಣೀಯವಾಗುತ್ತದೆ ಅಂತ ಯಾವ ಪಂಚಾಂಗದಲ್ಲೂ ಬರೆದಿಲ್ಲ.

ನನ್ನ ತಕರಾರು ಬೇರೆ. ವಿಡಿಯೊ ಮಾಡುವವರೆಲ್ಲ ಇದನ್ನು ಭೂತಗಳ ಊರು ಅನ್ನುತ್ತಾರೆ, ಹಿನ್ನೆಲೆಗೆ ಊಳಿಡುವ ಗಾಳಿ ಬೇರೆ. ಸರ್ಕಾರದ ಷರಾಕ್ಕೆ ಸೊಪ್ಪು ಹಾಕದೆ ಗುಡಿಸಲು ಕಟ್ಟಿಕೊಂಡ ಮೀನುಗಾರರ ಕುಟುಂಬಗಳು ಅಲ್ಲೇ ಇವೆ. ಎರಡೂ ಕಡೆ ಉಪ್ಪುನೀರು. ನಡುವೆ ಮರಳು ತೋಡಿ ಸಿಹಿನೀರು ತೆಗೆಯುತ್ತಾರೆ. ಮಳೆನೀರು ಉಪ್ಪುನೀರಿಗಿಂತ ಹಗುರ, ಅದರ ಮೇಲೆಯೇ ತೇಲಿಕೊಂಡು ನಿಲ್ಲುತ್ತದೆ. ಒಂದಿಷ್ಟು ಹೆಚ್ಚು ತೋಡಿದರೋ, ಉಪ್ಪು. ಎಲ್ಲಿ ಕೈ ನಿಲ್ಲಿಸಬೇಕು ಅನ್ನುವುದೇ ವಿದ್ಯೆ. ಜಿನುಗುವವರೆಗೆ ಕಾದು, ಕಲಕದ ಹಾಗೆ ಬಟ್ಟಲಲ್ಲಿ ಮೊಗೆದು ಬಿಂದಿಗೆ ತುಂಬಬೇಕು. ಪರಂಪರೆ ಅಂತ ಬೋರ್ಡು ಹಾಕುವುದಿದ್ದರೆ ನಾನು ಆ ಗುಂಡಿಯ ಪಕ್ಕ ಹಾಕಿಸುತ್ತಿದ್ದೆ.

ರಸ್ತೆ ಬಂದದ್ದರಿಂದ ಅವರಿಗೆ ನಾಲ್ಕು ಕಾಸು ಸಿಗುತ್ತಿದೆ ಅನ್ನುವುದೂ ನಿಜ. ಮಸಾಲೆ ಹಚ್ಚಿ ಮೀನು ಹುರಿದುಕೊಡುತ್ತಾರೆ, ಶಂಖ, ಚಿಪ್ಪಿನ ಸರ ಮಾರುತ್ತಾರೆ. ಊರೆಲ್ಲ ಭೂತ ಎಂದು ಕ್ಯಾಮೆರಾದ ಮುಂದೆ ಪಿಸುಗುಟ್ಟಿದವರೇ, ಅದನ್ನು ಆಫ್ ಮಾಡಿದ ಮೇಲೆ ಆ ಭೂತಗಳ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿಗೆ ನಿಲ್ಲುತ್ತಾರೆ.