ನಿಜದ ನಕ್ಷತ್ರ, ಕಲ್ಪನೆಯ ಊರು

ವೈಜ್ಞಾನಿಕ ಕತೆ ಬರೆಯಲು ಕೂತಾಗ ನಾನು ಮೊದಲು ಹುಡುಕುವುದು ಒಬ್ಬ ಸೂರ್ಯನನ್ನು. ಬಾಯಿಗೆ ಬಂದ ಹೆಸರಿಟ್ಟು ಹೊಸ ನಕ್ಷತ್ರವೊಂದನ್ನು ಹುಟ್ಟಿಸಿದರೂ ಯಾರೂ ಆಕ್ಷೇಪಿಸುವುದಿಲ್ಲ. ಆದರೂ ನನಗೆ ಆಕಾಶದಲ್ಲಿ ನಿಜವಾಗಿಯೂ ಇರುವ, ಯಾರೋ ಶ್ರದ್ಧೆಯಿಂದ ಅಳೆದಿಟ್ಟ ನಕ್ಷತ್ರವೇ ಬೇಕು. ಎಷ್ಟೋ ರಾತ್ರಿ ಈ ಹುಡುಕಾಟದ ಸುಖವೇ ಸಾಕೆನಿಸಿ ಬರವಣಿಗೆ ಮರುದಿನಕ್ಕೆ ಹೋಗುತ್ತದೆ.

ಅಂತರ್ಜಾಲದಲ್ಲಿ ನಕ್ಷತ್ರಪಟ್ಟಿಗಳಿಗೆ ಬರವಿಲ್ಲ. ಯುರೋಪಿನ ಹಿಪ್ಪಾರ್ಕಸ್ ಉಪಗ್ರಹ ಅಳೆದ 1,18,218 ನಕ್ಷತ್ರಗಳ ಪಟ್ಟಿ 1997ರಲ್ಲಿ ಹೊರಬಂತು. ಅದರ ನಂತರದ ಗಾಯಾ 2022ರಲ್ಲಿ ಕೊಟ್ಟ ಪಟ್ಟಿಯಲ್ಲಿ ಸುಮಾರು 180 ಕೋಟಿ ಕಾಯಗಳಿವೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನವರ ಸಿಂಬಾಡ್‌ನಲ್ಲಿ ಒಂದು ಹೆಸರು ಹಾಕಿದರೆ ಆ ನಕ್ಷತ್ರದ ಉಳಿದ ಹೆಸರುಗಳು, ಅಳತೆಗಳು, ಅದರ ಮೇಲೆ ನಡೆದ ಸಂಶೋಧನೆಗಳು ಎಲ್ಲವೂ ಸಾಲಾಗಿ ಬರುತ್ತವೆ. ಇದಕ್ಕೆಲ್ಲ ಒಂದು ರೂಪಾಯಿಯೂ ಕೊಡಬೇಕಿಲ್ಲ.

ನನಗೆ ಒಲಿದದ್ದು ಟೌ ಸೆಟಿ. ತಿಮಿಂಗಿಲ ನಕ್ಷತ್ರಪುಂಜದಲ್ಲಿ ಬರಿಗಣ್ಣಿಗೇ ಕಾಣುವ ಚುಕ್ಕಿ. ಹಿಪ್ಪಾರ್ಕಸ್ ಪಟ್ಟಿಯಲ್ಲಿ 8102ನೆಯದು. ಅದರ ಪ್ಯಾರಲಾಕ್ಸ್, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ಅದು ಸರಿದಂತೆ ಕಾಣುವ ಕೋನದ ಅರ್ಧ, 0.274 ಆರ್ಕ್‌ಸೆಕೆಂಡ್. ಒಂದನ್ನು ಅದರಿಂದ ಭಾಗಿಸಿ 3.26ರಿಂದ ಗುಣಿಸಿದರೆ ದೂರ ಸಿಗುತ್ತದೆ: 11.9 ಜ್ಯೋತಿರ್ವರ್ಷ. ಅದರ ಬೆಳಕು ನಮ್ಮ ಸೂರ್ಯನ ಅರ್ಧದಷ್ಟು. ಅರ್ಧದ ವರ್ಗಮೂಲ ಸುಮಾರು 0.7. ಹಾಗಾಗಿ ನಮ್ಮಷ್ಟೇ ಬಿಸಿಲು ಬೇಕಾದ ಗ್ರಹ, ಸೂರ್ಯನಿಂದ ಭೂಮಿಗಿರುವ ದೂರದ 0.7 ಪಾಲಿನಲ್ಲಿ ಸುತ್ತಬೇಕು. ನಕ್ಷತ್ರದ ದ್ರವ್ಯರಾಶಿ ಸೂರ್ಯನ 0.78ರಷ್ಟು, ಕೆಪ್ಲರನ ನಿಯಮದಲ್ಲಿಟ್ಟರೆ ವರ್ಷಕ್ಕೆ ನಮ್ಮ 242 ದಿನ. ಮೂರು ಕಾಲಗಳಿದ್ದರೆ ಒಂದೊಂದಕ್ಕೂ ಎಂಬತ್ತೇ ದಿನ. ಅಲ್ಲಿ ಹದಿನೆಂಟು ತುಂಬಿದ ಹುಡುಗಿ ನಮ್ಮ ಲೆಕ್ಕದಲ್ಲಿ ಹನ್ನೆರಡರವಳು.

ಇನ್ನೂ ಕೆದಕಿದಷ್ಟೂ ಕತೆ ಹೊರಬರುತ್ತದೆ. ಟೌ ಸೆಟಿಯಲ್ಲಿ ಕಬ್ಬಿಣದ ಅಂಶ ಸೂರ್ಯನಲ್ಲಿರುವುದರ ಮೂರನೇ ಒಂದರಷ್ಟು. ನಕ್ಷತ್ರವೂ ಅದರ ಗ್ರಹಗಳೂ ಒಂದೇ ಮೋಡದಿಂದ ಹುಟ್ಟುವುದರಿಂದ ನನ್ನ ಗ್ರಹದಲ್ಲಿ ಕಬ್ಬಿಣ ದುರ್ಲಭವಾಯಿತು. ಈ ನಕ್ಷತ್ರದ ಸುತ್ತ ಸೌರವ್ಯೂಹದಲ್ಲಿರುವುದರ ಹತ್ತು ಪಟ್ಟಿಗೂ ಮಿಕ್ಕಿ ಧೂಳು, ಧೂಮಕೇತುಗಳ ಸಾಮಗ್ರಿ ಇದೆಯೆಂದು 2004ರಲ್ಲಿ ಖಗೋಳಜ್ಞರು ಹೇಳಿದರು. ಹಾಗಿದ್ದರೆ ಮೇಲಿನಿಂದ ಕಲ್ಲು ಬೀಳುವುದು ಅಲ್ಲಿ ದಿನನಿತ್ಯದ ಮಾತು. ಊರು ನೆಲದಡಿಗೆ ಇಳಿಯಿತು. ಬಿದ್ದ ಉಲ್ಕೆಯನ್ನು ಹೆಕ್ಕಿ ಕುಡುಗೋಲು ಮಾಡುವ ಕಮ್ಮಾರ ಊರಿನ ಹಿರಿಯನಾದ.

ಪ್ರತಿ ನಕ್ಷತ್ರದ ಸ್ಥಾನ ಹೇಳುವ ಎರಡು ಕೋನ, ಒಂದು ದೂರ ಗೊತ್ತಿದ್ದರೆ ಯಾವ ನಕ್ಷತ್ರದ ಅಂಗಳದಲ್ಲಿ ನಿಂತೂ ಆಕಾಶ ಬಿಡಿಸಬಹುದು. ಟೌ ಸೆಟಿಯಿಂದ ನೋಡಿದರೆ ನಮ್ಮ ಸೂರ್ಯ ಸ್ವಾತಿ ನಕ್ಷತ್ರದ ಸಮೀಪ, 2.6 ಕಾಂತಿಮಾನದ ಸಾಧಾರಣ ಚುಕ್ಕಿ. ಲೆಕ್ಕ ಇದನ್ನು ತೋರಿಸಿದ ದಿನ ನನಗೆ ಮೈ ಜುಮ್ಮೆಂದಿತು. ಮಳೆನಕ್ಷತ್ರವೆಂದು ಅಜ್ಜಿಯರು ಹೆಸರು ಹಿಡಿದು ಕರೆಯುತ್ತಿದ್ದ ಸ್ವಾತಿಯೇ ಅಲ್ಲಿಯವರಿಗೆ ನಮ್ಮ ಮನೆಯ ಗುರುತು!

ಟೌ ಸೆಟಿಗೆ ಗ್ರಹಗಳಿವೆಯೇ ಎಂಬ ಚರ್ಚೆ 2012ರಿಂದ ನಡೆದಿದೆ, ಇನ್ನೂ ತೀರ್ಮಾನವಾಗಿಲ್ಲ. ಆ ತೆರವು ಕತೆಗಾರನ ಪಾಲಿನದು. ನನ್ನಷ್ಟಕ್ಕೆ ಬಿಟ್ಟಿದ್ದರೆ ನನ್ನ ಕಲ್ಪನೆ ಆ ಕಮ್ಮಾರನವರೆಗೆ ಹೋಗುತ್ತಿರಲಿಲ್ಲ. ಅವನನ್ನು ಕೊಟ್ಟದ್ದು ಕಬ್ಬಿಣದ ಒಂದು ಅಂಕಿ, ಧೂಳಿನ ಇನ್ನೊಂದು ಅಂಕಿ. ಆದ್ದರಿಂದ ಅಳತೆ ಕತೆಗೆ ಹೊಂದದಿದ್ದಾಗ ಅಳತೆಯನ್ನು ಮುಟ್ಟದೆ ಕತೆಯನ್ನೇ ತಿದ್ದುತ್ತೇನೆ. ಹಾಗೆ ತಿದ್ದಿದಾಗಲೆಲ್ಲ ಕತೆ ಹಿಂದಿಗಿಂತ ಚೆನ್ನಾಗಿಯೇ ಬಂದಿದೆ.